ಚಕ್ರದ ಹಿಂದಿನ ಹಳದಿ ಕಲ್ಲು

ಫೆಬ್ರವರಿಯ ಎರಡನೇ ಬುಧವಾರ ಸಂಜೆ ಆರೂವರೆಗೆ ಕಡಬ ಠಾಣೆಗೆ ಬಂದ ದೂರಿನಲ್ಲಿ ತನಿಖೆ ಮಾಡುವಂಥದ್ದೇನೂ ಇದ್ದ ಹಾಗೆ ಕಾಣಲಿಲ್ಲ. ದೂರು ಕೊಟ್ಟವರು ಪಾಲೆತ್ತಡ್ಕದ ಗೇರುಬೀಜ ಫ್ಯಾಕ್ಟರಿಯ ಮಾಲಕ ಹಿಶಾಮ್. ಫ್ಯಾಕ್ಟರಿಯ ಅಂಗಳದಲ್ಲಿ ನಿಲ್ಲಿಸಿದ್ದ ಪಿಕಪ್ ಗಾಡಿ ಸಂಜೆ ಐದು ಗಂಟೆ ದಾಟಿದ ಮೇಲೆ ತನ್ನಷ್ಟಕ್ಕೇ ಉರುಳಿಕೊಂಡು ಹೋಗಿ, ಕೆಲಸ ಬಿಡುವ ಹೊತ್ತೆಂದು ತೆರೆದಿಟ್ಟಿದ್ದ ಗೇಟನ್ನು ದಾಟಿ, ರಸ್ತೆಯಾಚೆಯ ಬಸ್ ತಂಗುದಾಣದ ಕಂಬಕ್ಕೆ ಗುದ್ದಿತ್ತು. ಬಸ್ಸಿಗೆ ಕಾಯುತ್ತಿದ್ದ ಸುಂದರಿ ಎಂಬ ಕೆಲಸದ ಹೆಂಗಸಿನ ಬಲಗಾಲು ಕಂಬಕ್ಕೂ ಗಾಡಿಗೂ ನಡುವೆ ಸಿಕ್ಕಿ ಮುರಿದಿತ್ತು. ಆಕೆಯನ್ನು ಪುತ್ತೂರಿನ ಆಸ್ಪತ್ರೆಗೆ ಸೇರಿಸಲಾಗಿತ್ತು. ಚಾಲಕ ಭವಿತ್ ಗಾಡಿಯನ್ನು ಸರಿಯಾಗಿ ನಿಲ್ಲಿಸದೆ ಮಧ್ಯಾಹ್ನವೇ ರಜೆ ಹಾಕಿ ಹೋದದ್ದು ಇದಕ್ಕೆ ಕಾರಣ ಎಂದು ದೂರಿನ ಕೊನೆಯ ಸಾಲು ಹೇಳುತ್ತಿತ್ತು.

ಸಬ್ ಇನ್‌ಸ್ಪೆಕ್ಟರ್ ಪ್ರೀತಿಕಾ ದೂರನ್ನು ಓದಿ ಹೆಡ್ ಕಾನ್‌ಸ್ಟೆಬಲ್ ಪೋಕರ್ ಕೈಗೆ ಕೊಟ್ಟರು. ಪೋಕರ್ ಹುಟ್ಟಿ ಬೆಳೆದದ್ದು ಇದೇ ಸೀಮೆಯಲ್ಲಿ. ಯಾವ ತಿರುವಿನ ಮನೆಯಲ್ಲಿ ಯಾರಿದ್ದಾರೆ, ಯಾರ ಮಗಳನ್ನು ಎಲ್ಲಿಗೆ ಕೊಟ್ಟಿದ್ದಾರೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಒಮ್ಮೆಯೂ ಅವರು ಸೀಟ್ ಬೆಲ್ಟ್ ಕಟ್ಟಿದವರಲ್ಲ. ಹೊಟ್ಟೆಯೇ ಬೆಲ್ಟಿನ ಕೆಲಸ ಮಾಡುತ್ತದೆ ಎಂಬುದು ಅವರ ವಾದ. ಇತ್ತೀಚೆಗೆ ಠಾಣೆಯ ಜೀಪಿನ ಚಾಲಕ ರಜೆಯ ಮೇಲಿದ್ದುದರಿಂದ ಮೇಡಂ ತಾವೇ ಜೀಪು ಓಡಿಸುತ್ತಿದ್ದರು. ಆ ವಾರದಿಂದ ಪೋಕರ್ ಜೀಪು ಹತ್ತುವ ಮೊದಲು ದೇವರನ್ನು ನೆನೆದು ಬಿಸ್ಮಿ ಹೇಳುವುದನ್ನು ಮಾತ್ರ ತಪ್ಪಿಸುತ್ತಿರಲಿಲ್ಲ.

ಎಫ್‌ಐಆರ್ ದಾಖಲಾಯಿತು. ಭಾರತೀಯ ನ್ಯಾಯ ಸಂಹಿತೆಯ ಕಲಂಗಳನ್ನು ಹಾಕಿ, ಆರೋಪಿಯ ಹೆಸರಿನ ಜಾಗಕ್ಕೆ ಬಂದಾಗ ಪ್ರೀತಿಕಾ ಒಮ್ಮೆ ತಡೆದರು. ಈ ಹೆಸರನ್ನು ಅವರು ಅದೇ ದಿನ ಬೆಳಿಗ್ಗೆ ಓದಿದ್ದರು. ಮೇಜಿನ ಬಲಬದಿಯ ಕಾಗದಗಳ ನಡುವೆ ಹುಡುಕಿದಾಗ, ಪರಿಶೀಲನೆಗೆಂದು ಬಂದಿದ್ದ ಆ ಕಾಗದ ಸಿಕ್ಕಿತು. ಸುಳ್ಯದ ಕಡೆಯ ಇಪ್ಪತ್ತೇಳು ವರ್ಷದ ಭವಿತ್, ಈಗ ಪಾಲೆತ್ತಡ್ಕದಲ್ಲಿ ವಾಸ, ಸರಕಾರಿ ಬಸ್ಸಿನ ಚಾಲಕನಾಗಿ ಆಯ್ಕೆಯಾಗಿದ್ದ. ಇವನ ಮೇಲೆ ಯಾವ ಪ್ರಕರಣವೂ ಇಲ್ಲ ಎಂದು ಠಾಣೆಯಿಂದ ಬರೆದು ಕೊಟ್ಟರೆ ಕೆಲಸ ಸಿಕ್ಕಿದ ಹಾಗೆ. ಸೋಮವಾರದ ಒಳಗೆ ವರದಿ ಹೋಗಬೇಕಿತ್ತು.

"ಪಾಪ," ಎಂದರು ಪೋಕರ್. "ಬಾಯಿಗೆ ಬಂದ ತುತ್ತು ಮೇಡಂ."

"ಕಾಲು ಮುರಿದವಳು ಪಾಪ ಅಲ್ವಾ?" ಎಂದು ಪ್ರೀತಿಕಾ ಸಹಿ ಹಾಕಿದರು. ಆದರೆ ಆ ಇನ್ನೊಂದು ಕಾಗದವನ್ನು ರಾಶಿಯ ಅಡಿಗೆ ಸೇರಿಸಲಿಲ್ಲ. ಕಣ್ಣಿಗೆ ಬೀಳುವಂತೆ ಮೇಲೆಯೇ ಇಟ್ಟರು.

ಮರುದಿನ ಬೆಳಿಗ್ಗೆ ಎಂಟೂವರೆಗೆ ಸ್ಥಳ ಪಂಚನಾಮೆ. ಪಾಲೆತ್ತಡ್ಕದ ಫ್ಯಾಕ್ಟರಿ ಗುಡ್ಡದ ಮಗ್ಗುಲನ್ನು ಕಡಿದು ಕಟ್ಟಿದ್ದು. ಕಟ್ಟಡ ಮೇಲೆ, ಗೇಟು ಕೆಳಗೆ, ನಡುವೆ ಕೆಂಪು ಮಣ್ಣಿನ ಇಳಿಜಾರು ಅಂಗಳ. ಹಿಂದಿನ ತಿಂಗಳ ರಸ್ತೆ ಸುರಕ್ಷತಾ ಮಾಸಾಚರಣೆಯ ಬ್ಯಾನರು ಗೇಟಿನ ಮೇಲೆ ಇನ್ನೂ ಜೋತು ಬಿದ್ದಿತ್ತು. ಸಾರಿಗೆ ಇಲಾಖೆಯವರು ಬಂದು ಇಲ್ಲಿನ ಚಾಲಕರಿಗೆ ಒಂದು ದಿನದ ಪಾಠ ಮಾಡಿ ಹೋಗಿದ್ದರಂತೆ. ಅಂದಿನಿಂದ ಹೊಸ ಕ್ರಮ: ಗಾಡಿಗಳನ್ನು ಹಿಮ್ಮುಖವಾಗಿ ತಂದು, ಮೂತಿ ಗೇಟಿನ ಕಡೆಗೆ ಇರುವಂತೆ ನಿಲ್ಲಿಸಬೇಕು. ಬೆಂಕಿ ಬಿದ್ದರೆ, ಯಾರಿಗಾದರೂ ಪೆಟ್ಟಾದರೆ, ತಿರುಗಿಸುತ್ತ ಕೂರದೆ ನೇರ ಹೊರಗೆ ಓಡಿಸಬಹುದು. ಅದಕ್ಕೂ ಮೊದಲು ಎಲ್ಲರೂ ಬಂದ ಹಾಗೇ, ಮೂತಿ ಗುಡ್ಡದ ಕಡೆಗೆ ಮಾಡಿ ನಿಲ್ಲಿಸುತ್ತಿದ್ದರು.

ಕೆಲಸ ನಿಂತಿತ್ತು. ಹೆಂಗಸರು ಬುತ್ತಿಚೀಲ ಹಿಡಿದುಕೊಂಡೇ ಗೋಡೆಯ ನೆರಳಿನಲ್ಲಿ ಸೇರಿದ್ದರು. ಅವರಲ್ಲಿ ಮುಫೀದಾ ಎಂಬಾಕೆ, ಕರೆಯದಿದ್ದರೂ ಮುಂದೆ ಬಂದಳು.

"ಮೇಡಂ, ಕಲ್ಲು ಇಡದೆ ಹೋಗುವ ಜನ ಅಲ್ಲ ಭವಿತ್. ಗಾಡಿಗೆ ಸುತ್ತು ಬಂದು, ಟಯರ್ ಒತ್ತಿ ನೋಡದೆ ಹತ್ತುದಿಲ್ಲ ಅವ. ಫೋನ್ ಬಂದ್ರೆ ಬದಿಗೆ ನಿಲ್ಲಿಸಿಯೇ ಮಾತಾಡುದು. ಮದುವೆ ಆದ್ರೆ ಹೆಂಡ್ತಿ ಕಾಲಿಗೂ ಕಲ್ಲು ಇಡ್ತಿಯಾ ಅಂತ ನಾವು ತಮಾಷೆ ಮಾಡುದು."

"ನೀವು ಗಾಡಿ ಉರುಳುದು ನೋಡಿದ್ರಾ?"

"ನೋಡಿದ್ದೇವೆ. ಬೆಳಿಗ್ಗೆಗೆ ಅಂತ ಮೂಟೆ ತುಂಬಿಸ್ತಿದ್ರು. ಮೂರೋ ನಾಲ್ಕೋ ಮೂಟೆ ಹಾಕಿದ ಕೂಡಲೆ ಹೊರಟೇ ಬಿಟ್ಟಿತು. ನಾವು ಬೊಬ್ಬೆ ಹಾಕಿದ್ದು ಸುಂದರಿಗೆ ಕೇಳುವಾಗ ತಡ ಆಗಿತ್ತು."

"ಆಮೇಲೆ?"

"ಓಡಿ ಹೋಗಿ ಎಲ್ಲರೂ ಸೇರಿ ಹಿಂದಕ್ಕೆ ದೂಡಿದೆವು. ಸುಲಭದಲ್ಲಿ ಹೋಯ್ತು. ಅವಳನ್ನು ಎಳೆದು ತೆಗೆದೆವು."

"ಯಾರಾದ್ರೂ ಗಾಡಿಯ ಒಳಗೆ ಹತ್ತಿದ್ರಾ? ಗೇರ್ ಮುಟ್ಟಿದ್ರಾ?"

"ಹತ್ತುದು ಹೇಗೆ? ಬಾಗಿಲಿಗೆ ಲಾಕ್ ಇತ್ತಲ್ಲ."

ಪ್ರೀತಿಕಾ ಪೋಕರ್ ಕಡೆ ನೋಡಿದರು. ಪೋಕರ್ ಬರೆದುಕೊಂಡರು.

ಗಾಡಿ ನಿಂತಿದ್ದ ಜಾಗದಲ್ಲಿ ಕಲ್ಲು ಇತ್ತು. ತೆಂಗಿನಕಾಯಿಗಿಂತ ದೊಡ್ಡದು, ಒಂದು ಬದಿ ಚಪ್ಪಟೆಯಾದ ಕರಿಕಲ್ಲು. ಯಾರೂ ಎಡವಬಾರದೆಂದು ಭವಿತನೇ ಅದಕ್ಕೆ ಹಳದಿ ಬಣ್ಣ ಬಳಿದಿದ್ದನಂತೆ. ಅದು ಉರುಳಿರಲಿಲ್ಲ, ಮಗುಚಿರಲಿಲ್ಲ, ಮಣ್ಣಿನಲ್ಲಿ ಒಂದು ಬೆರಳಷ್ಟೂ ಜರುಗಿರಲಿಲ್ಲ. ಟಯರಿನ ಗುರುತು ಕಲ್ಲಿನ ಬುಡದಿಂದಲೇ ಶುರುವಾಗಿ ಕೆಳಗೆ ಗೇಟಿನ ಕಡೆಗೆ ಹೋಗಿತ್ತು.

ಎಂದರೆ ಕಲ್ಲು ಇದ್ದದ್ದು ಹಿಂದಿನ ಚಕ್ರದ ಹಿಂದೆ, ಗುಡ್ಡದ ಬದಿಗೆ. ಗಾಡಿಯ ಮೂತಿ ಇದ್ದದ್ದು ಇಳಿಜಾರಿಗೆ. ಕೆಳಗೆ ಓಡುವ ಗಾಡಿಗೆ ಮೇಲೆ ಕಲ್ಲು ಇಟ್ಟು ಏನು ಫಲ? ಕಲ್ಲು ಗಾಡಿಯನ್ನು ಹಿಡಿಯುವ ಗೋಜಿಗೇ ಹೋಗದೆ, ಹೋಗಿ ಬಾ ಎಂದು ಕಳಿಸಿಕೊಟ್ಟಿತ್ತು.

"ನೋಡಿ ಮೇಡಂ," ಎಂದರು ಹಿಶಾಮ್. ನಿದ್ದೆಯಿಲ್ಲದೆ ಅವರ ಕಣ್ಣು ಕೆಂಪಾಗಿತ್ತು. "ಕಲ್ಲು ಇಟ್ಟಿದ್ದಾನೆ, ತಲೆ ಇಡಲಿಲ್ಲ. ಸರಕಾರಿ ಕೆಲಸ ಸಿಕ್ಕಿದ ಖುಷಿಯಲ್ಲಿ ನೆಲ ಕಾಣಲಿಲ್ಲ ಅವನಿಗೆ. ಒಳ್ಳೆ ಹುಡುಗ ಅಂತ ನಾನೇ ಎಲ್ಲರಿಗೂ ಹೇಳ್ತಿದ್ದೆ."

ಪ್ರೀತಿಕಾಗೆ ಬೇಸರವಾಯಿತು. ಹುಡುಗ ಕಲ್ಲೇ ಇಡದೆ ಹೋಗಿದ್ದರೆ ಯಾರೋ ತೆಗೆದರು ಎಂದಾದರೂ ಹೇಳಬಹುದಿತ್ತು. ಅವನನ್ನು ಉಳಿಸಬೇಕಾಗಿದ್ದ ಕಲ್ಲೇ ಅವನ ಮೇಲೆ ಸಾಕ್ಷಿ ಹೇಳುತ್ತಿತ್ತು. ಅವರು ಫೋಟೊ ತೆಗೆಸಿ, ಅಳತೆ ಹಿಡಿಸಿ, ಇನ್ನೇನು ಪಂಚರ ಸಹಿ ಹಾಕಿಸಬೇಕು ಎನ್ನುವಾಗ ಗುಡ್ಡ ಕಡಿದಲ್ಲಿ ಗೋಡೆಯಂತೆ ನಿಂತ ಬರೆಯ ಬದಿಗೆ, ನಾಲ್ಕು ಮಾರು ಆಚೆಗೆ ಏನೋ ಹೊಳೆದಂತಾಯಿತು. ಕುಳಿತು ನೋಡಿದರು. ಮಣ್ಣಿನಲ್ಲಿ ಅಂಗೈಯಗಲದ ಚಪ್ಪಟೆ ಗುಳಿ. ಅದರ ಅಂಚಿಗೆ ಹಳದಿ ಬಣ್ಣದ ಎರಡು ಮೂರು ಚಕ್ಕೆಗಳು. ಗುಳಿಯ ಪಕ್ಕದಲ್ಲಿ, ನಿಂತಲ್ಲೇ ತಿರುಗಿಸಿದ ಚಕ್ರ ಮಣ್ಣನ್ನು ಅರೆದ ಗುರುತು.

"ಪೋಕರ್ರೇ, ಇದನ್ನೂ ಬರೆಯಿರಿ."

"ಎಂತ ಅಂತ ಬರೆಯುದು ಮೇಡಂ?"

"ಕಲ್ಲು ಮೊದಲು ಇದ್ದ ಜಾಗ ಅಂತ."

ಪೋಕರ್ ಪೆನ್ನು ಎತ್ತಿದವರು ಹಾಗೇ ನಿಂತರು. ಗಾಡಿ ಆ ದಿನ ಎರಡು ಕಡೆ ನಿಂತಿತ್ತು.

ಭವಿತ್ ಮಧ್ಯಾಹ್ನ ತಾನಾಗಿಯೇ ಠಾಣೆಗೆ ಬಂದ. ಬಾಗಿಲಿಗೆ ತಲೆ ತಾಗದಂತೆ ಬಗ್ಗಿ ಬರಬೇಕಾದಷ್ಟು ಎತ್ತರದ ಹುಡುಗ. ರಾತ್ರಿಯಿಡೀ ಪುತ್ತೂರಿನ ಆಸ್ಪತ್ರೆಯ ಜಗಲಿಯಲ್ಲಿ ಕೂತಿದ್ದನೆಂದು ಮುಖವೇ ಹೇಳುತ್ತಿತ್ತು.

"ಗಾಡಿ ಎಲ್ಲಿ ನಿಲ್ಲಿಸಿದ್ದು?" ಪ್ರೀತಿಕಾ ಕೇಳಿದರು.

"ಬರೆಯ ಬದಿಗೆ ಮೇಡಂ. ಯಾವಾಗಲೂ ಅಲ್ಲಿಯೇ."

"ನಿಲ್ಲಿಸಿದ ಮೇಲೆ ಎಂತ ಮಾಡಿದ್ದು? ಒಂದೊಂದೇ ಹೇಳು."

"ಚಕ್ರ ಬರೆಯ ಕಡೆಗೆ ತಿರುಗಿಸಿದೆ. ಉರುಳಿದ್ರೂ ಬರೆಗೆ ತಾಗಿ ನಿಲ್ಲಬೇಕಲ್ಲ. ರಿವರ್ಸ್ ಗೇರಿಗೆ ಹಾಕಿದೆ. ಹ್ಯಾಂಡ್‌ಬ್ರೇಕ್ ಎಳೆದೆ. ಇಳಿದು ಮುಂದಿನ ಚಕ್ರದ ಮುಂದೆ ಕಲ್ಲು ಇಟ್ಟೆ."

"ಹಿಂದಿನ ಚಕ್ರದ ಹಿಂದೆ?"

"ಹಿಂದೆ ಯಾಕೆ ಮೇಡಂ? ಗಾಡಿ ಗುಡ್ಡೆ ಹತ್ತಿ ಹೋಗ್ತದಾ?"

ಪೋಕರ್ ಮೀಸೆಯಡಿಯಲ್ಲಿ ನಕ್ಕರು. ಪ್ರೀತಿಕಾ ನಗಲಿಲ್ಲ.

"ಬೀಗದ ಕೈ?"

"ವಾಚ್‌ಮನ್ ರೂಮಿನ ಮೊಳೆಯಲ್ಲಿ ಸಿಕ್ಕಿಸಿದೆ. ಗಾಡಿಯಲ್ಲಿ ಬಿಡಬಾರದು, ಮನೆಗೆ ಕೊಂಡು ಹೋಗಬಾರದು ಅಂತ ಧಣಿ ಹೇಳಿದ್ದಾರೆ."

"ಸಂಜೆ ಎಲ್ಲಿದ್ದೆ?"

"ಪುತ್ತೂರಲ್ಲಿ. ಕೆಲಸಕ್ಕೆ ಕಣ್ಣಿನ ಪರೀಕ್ಷೆ ಇತ್ತು. ಡಾಕ್ಟರ್ ಸಹಿ ಹಾಕಿ ಕೊಟ್ಟದ್ದು ಇಲ್ಲಿ ಉಂಟು." ಅವನು ಆ ಕಾಗದವನ್ನು ಮೇಜಿನ ಮೇಲಿಟ್ಟ. ಅಷ್ಟರಲ್ಲಿ ಅಲ್ಲಿದ್ದ ಇನ್ನೊಂದು ಕಾಗದ, ತನ್ನದೇ ಫೋಟೊ ಅಂಟಿಸಿದ್ದು, ಅವನ ಕಣ್ಣಿಗೆ ಬಿತ್ತು. ಸ್ವಲ್ಪ ಹೊತ್ತು ಅದನ್ನೇ ನೋಡಿದ. "ಮೇಡಂ, ಈ ಕೆಲಸ ಹೋಯ್ತಾ?"

ಇಲ್ಲ ಎನ್ನಲು ಆಧಾರವಿರಲಿಲ್ಲ, ಹೌದು ಎನ್ನಲು ಪ್ರೀತಿಕಾಗೆ ಮನಸ್ಸಾಗಲಿಲ್ಲ. "ಸೋಮವಾರದವರೆಗೆ ಸಮಯ ಉಂಟು," ಎಂದಷ್ಟೇ ಹೇಳಿದರು.

ಶುಕ್ರವಾರ ಬೆಳಿಗ್ಗೆ ಪುತ್ತೂರಿನಿಂದ ಮೋಟಾರು ವಾಹನ ನಿರೀಕ್ಷಕರು ಫ್ಯಾಕ್ಟರಿಗೆ ಬಂದು, ಅಲ್ಲಿಯವರೆಗೆ ಲಾಕ್ ತೆಗೆಯದೆ ಇಟ್ಟಿದ್ದ ಗಾಡಿಯನ್ನು ಪರೀಕ್ಷಿಸಿದರು. ಕಾಲಿನ ಬ್ರೇಕು ಸರಿ ಇತ್ತು. ಹ್ಯಾಂಡ್‌ಬ್ರೇಕಿನ ಕೇಬಲ್ ಸಡಿಲವಾಗಿ, ಖಾಲಿ ಗಾಡಿಯನ್ನು ಹಿಡಿದರೂ ಭಾರ ಬಿದ್ದರೆ ಬಿಟ್ಟುಕೊಡುವ ಸ್ಥಿತಿಯಲ್ಲಿತ್ತು. ಗೇರು ನ್ಯೂಟ್ರಲ್‌ನಲ್ಲಿತ್ತು. ಇದೆಲ್ಲ ಬರೆದು ಮುಗಿಸಿ ಇಳಿಯುವಾಗ ಅವರ ಮೊಣಕಾಲು ಸ್ಟೇರಿಂಗಿಗೆ ಬಡಿಯಿತು.

"ಸೀಟನ್ನು ಇಷ್ಟು ಮುಂದೆ ಎಳೆದುಕೊಂಡು ಯಾರು ಮಾರಾಯ್ರೆ ಗಾಡಿ ಬಿಡುದು?" ಎಂದು ಅವರು ಕಾಲು ಉಜ್ಜಿಕೊಂಡರು.

ಪ್ರೀತಿಕಾ ಅಲ್ಲೇ ಭವಿತನನ್ನು ಕರೆಸಿ, ಸೀಟು ಮುಟ್ಟದೆ ಒಳಗೆ ಕೂರಲು ಹೇಳಿದರು. ಅವನು ಒಂದು ಕಾಲು ಒಳಗಿಟ್ಟ, ಬಗ್ಗಿದ, ತಿರುಗಿದ, ಸೊಂಟ ಮುರಿದುಕೊಂಡ. ಕೊನೆಗೂ ಇನ್ನೊಂದು ಕಾಲು ಹೊರಗೇ ಉಳಿಯಿತು. ನೋಡುತ್ತಿದ್ದ ಹೆಂಗಸರು ಮೊದಲ ಸಲ ನಕ್ಕರು. ಹಿಶಾಮ್ ನಗಲಿಲ್ಲ. ಅವರೂ ಎತ್ತರದ ಆಳು, ಅವರಿಗೂ ವಿಷಯ ಅರ್ಥವಾಗಿತ್ತು. ಭವಿತ್ ಬೀಗದ ಕೈ ಮೊಳೆಗೆ ಸಿಕ್ಕಿಸಿ ಹೋದ ಮೇಲೆ ಯಾರೋ ಗಿಡ್ಡ ಆಳು ಗಾಡಿ ತೆಗೆದಿದ್ದ. ಎಲ್ಲಿಗೋ ಒಯ್ದು ತಂದು, ಮೊದಲಿದ್ದ ಹಾಗೇ ಮೂತಿ ಕೆಳಗೆ ಮಾಡಿ ನಿಲ್ಲಿಸಿ, ಬಾಗಿಲಿಗೆ ಲಾಕ್ ಹಾಕಿ, ಬೀಗದ ಕೈಯನ್ನು ಅದೇ ಮೊಳೆಗೆ ಸಿಕ್ಕಿಸಿದ್ದ. ಕಲ್ಲನ್ನೂ ಇಟ್ಟಿದ್ದ.

ಈ ಕೊನೆಯದು ಪ್ರೀತಿಕಾರ ತಲೆ ಕೊರೆಯಿತು. ಕದ್ದು ಗಾಡಿ ಓಡಿಸಿದವನಿಗೆ ಕಲ್ಲಿನ ಉಸಾಬರಿ ಯಾಕೆ? ಮನೆಯೊಳಗೆ ಬರುವಾಗ ಚಪ್ಪಲಿ ಬಿಟ್ಟಷ್ಟು ಸಹಜವಾಗಿ ಚಕ್ರಕ್ಕೆ ಕಲ್ಲು ಇಡುವ ಕೈ ಅದು. ಗಾಡಿ ಬಿಟ್ಟು ಪಳಗಿದ ಕೈ. ಆದರೆ ಹೊಸ ಕ್ರಮ ಬಂದ ಮೇಲೆ ಒಂದು ದಿನವೂ ಗಾಡಿ ನಿಲ್ಲಿಸದ ಕೈ. ಫ್ಯಾಕ್ಟರಿಯ ಇನ್ನೊಬ್ಬ ಚಾಲಕ ಆ ದಿನ ಲಾರಿಯೊಂದಿಗೆ ಮಂಗಳೂರಿನಲ್ಲಿದ್ದ.

ವಾಚ್‌ಮನ್ ರೂಮು ಗೇಟಿನ ಪಕ್ಕದಲ್ಲಿತ್ತು. ಒಳಗೆ ಒಂದು ಕುರ್ಚಿ, ಒಂದು ಹೂಜಿ, ಗೋಡೆಗೆ ಆ ಮೊಳೆ. ವಾಚ್‌ಮನ್ ಜತ್ತಪ್ಪನಿಗೆ ಅರುವತ್ತೇಳು. ಗಿಡ್ಡ ದೇಹ, ಇಸ್ತ್ರಿ ಮಾಡಿದ ಖಾಕಿ ಅಂಗಿ.

"ಬುಧವಾರ ಮಧ್ಯಾಹ್ನ ಇಲ್ಲಿಂದ ಬೀಗದ ಕೈ ಯಾರು ತೆಗೆದದ್ದು?"

"ಯಾರೂ ಇಲ್ಲ."

"ನೀವು ಎದ್ದು ಹೋಗಿದ್ರಾ?"

"ಊಟಕ್ಕೂ ಏಳಲಿಲ್ಲ."

"ಹಾಗಾದ್ರೆ ನಿಮ್ಮ ಕಣ್ಣು ತಪ್ಪಿಸಿ ಯಾರೂ ಬರ್ಲಿಕ್ಕೆ ಇಲ್ಲ."

"ನನ್ನ ಕಣ್ಣಿನ ವಿಷಯ ಬೇಡ ಮೇಡಂ," ಎಂದ ಜತ್ತಪ್ಪ. ಇಷ್ಟು ಹೊತ್ತು ತಗ್ಗಿದ್ದ ದನಿ ಈಗ ಮಾತ್ರ ಏರಿತ್ತು.

ಜೀಪಿನಲ್ಲಿ ಕೂತ ಮೇಲೂ ಪೋಕರ್ ಹಿಂತಿರುಗಿ ಗೇಟಿನ ಕಡೆಗೇ ನೋಡುತ್ತಿದ್ದರು.

"ಎಂತ ಪೋಕರ್ರೇ?"

"ಜತ್ತಪ್ಪಣ್ಣ ಮೇಡಂ. ಹಿಶಾಮನ ಅಪ್ಪನ ಕಾಲದ ಡ್ರೈವರ್. ನಾನು ಶಾಲೆಗೆ ಹೋಗಿದ್ದು ಅವರ ಜೀಪಿನಲ್ಲಿ ನೇತಾಡಿಕೊಂಡು. ಘಾಟಿಯಲ್ಲಿ ಅವರು ಗಾಡಿ ಬಿಟ್ರೆ ಮಡಿಲಲ್ಲಿ ಮಲಗಿದ ಮಗು ಏಳ್ತಿರಲಿಲ್ಲ. ನಲ್ವತ್ತು ವರ್ಷ ಒಂದು ಗೀರು ಇಲ್ಲ. ಭವಿತನಿಗೆ ಕ್ಲಚ್ ಹಿಡಿಯುದು ಕಲಿಸಿದ್ದೂ ಅವರೇ."

"ಈಗ?"

"ಬಲಗಣ್ಣು ಪೂರ್ತಿ ಹೋಗಿ ಎರಡು ವರ್ಷ ಆಯ್ತು. ಡಾಕ್ಟರ್ ಸಹಿ ಹಾಕಲಿಲ್ಲ, ಲೈಸೆನ್ಸ್ ಅಲ್ಲಿಗೇ ನಿಂತಿತು. ಹಿಶಾಮ್ ಗೇಟಿನ ಕೆಲಸ ಕೊಟ್ಟ." ಪೋಕರ್ ಕಿಟಕಿಯ ಹೊರಗೆ ನೋಡಿದರು. "ಅವರು ಅಲ್ಲ ಮೇಡಂ. ಅವರು ಕಲ್ಲು ತಪ್ಪಿ ಇಡುವ ಮನುಷ್ಯ ಅಲ್ಲ."

"ತಪ್ಪಿ ಇಟ್ಟದ್ದಲ್ಲ ಅದು," ಎಂದರು ಪ್ರೀತಿಕಾ. "ನಲ್ವತ್ತು ವರ್ಷ ಸರಿಯಾಗಿ ಇಟ್ಟಲ್ಲಿಗೇ ಇಟ್ಟದ್ದು."

ಶನಿವಾರ ಜತ್ತಪ್ಪನಿಗೆ ವಾರದ ರಜೆ. ಅವನ ಮನೆ ಫ್ಯಾಕ್ಟರಿಯಿಂದ ಅರ್ಧ ಮೈಲಿ ಆಚೆ, ಏರು ದಾರಿಯ ತುದಿಯಲ್ಲಿ. ಅಂಗಳದ ಕೆಳಗಿನ ಓಣಿಯಲ್ಲಿ ಓಡದ ಹಳೆಯ ಜೀಪೊಂದು ಮೂತಿ ಮೇಲೆ ಮಾಡಿ ನಿಂತಿತ್ತು. ಟಯರಿನಲ್ಲಿ ಗಾಳಿ ಇಲ್ಲ, ಎಂಜಿನ್ ಇಳಿಸಿ ವರ್ಷಗಳಾಗಿವೆ. ಆದರೂ ಹಿಂದಿನ ಚಕ್ರದ ಹಿಂದೆ ಒಂದು ಕಲ್ಲು, ನೆಲದಲ್ಲಿ ಬೇರುಬಿಟ್ಟ ಹಾಗೆ ಕೂತಿತ್ತು.

ಪ್ರೀತಿಕಾ ಓಣಿಯ ಬುಡದಲ್ಲಿ ಠಾಣೆಯ ಜೀಪನ್ನು ತಿರುಗಿಸಿ ಹಿಮ್ಮುಖವಾಗಿ ಮೇಲೆ ತರತೊಡಗಿದರು. ಪೋಕರ್ ಕಣ್ಣು ಮುಚ್ಚಿದವರು ಜೀಪು ನಿಂತ ಮೇಲೆಯೇ ತೆರೆದರು. ಮೂತಿ ಕೆಳಗೆ, ಹಿಂಬದಿ ಮನೆಯ ಕಡೆಗೆ.

"ನೀವು ಇಳಿಯಬೇಡಿ," ಎಂದರು ಪ್ರೀತಿಕಾ ಮೆಲ್ಲಗೆ. "ನನ್ನ ಸೀಟಿಗೆ ಬನ್ನಿ. ಬ್ರೇಕಿನ ಮೇಲೆ ಕಾಲು ಗಟ್ಟಿ ಇರಲಿ."

ಜತ್ತಪ್ಪನ ಹೆಂಡತಿ ದುಗ್ಗಮ್ಮ ಬೆಲ್ಲ, ನೀರು ತಂದು ಜಗಲಿಯಲ್ಲಿಟ್ಟರು. ಪೊಲೀಸರು ಮನೆಗೆ ಬಂದರೂ ಬಾಯಾರಿಕೆಗೆ ಕೊಡದೆ ಇರುವುದು ಹೇಗೆ? ಪ್ರೀತಿಕಾ ಬೆಲ್ಲದ ತುಂಡು ಬಾಯಿಗೆ ಹಾಕಿ ನೀರು ಕುಡಿದರು. ಜತ್ತಪ್ಪ ಅಂಗಳಕ್ಕೆ ಬಂದು ನಿಂತ.

"ಜತ್ತಪ್ಪಣ್ಣ, ಹ್ಯಾಂಡ್‌ಬ್ರೇಕ್ ಮೇಲೆ ನಂಬಿಕೆ ಇಲ್ಲ ನಂಗೆ. ಒಂದು ಕಲ್ಲು ಇಡ್ತೀರಾ?"

ಅಷ್ಟೇ ಕೇಳಿದ್ದು. ಜತ್ತಪ್ಪ ಬೇಲಿಯ ಬುಡದಿಂದ ಒಂದು ಕಲ್ಲು ಆರಿಸಿದ. ಭಾರ ನೋಡಿದ, ಚಪ್ಪಟೆ ಬದಿ ಕೆಳಗೆ ಮಾಡಿದ, ಜೀಪಿನ ಹಿಂದಿನ ಚಕ್ರದ ಹಿಂದೆ ಇಟ್ಟು, ಅಂಗಾಲಿನಿಂದ ಒತ್ತಿ ಗಟ್ಟಿ ಮಾಡಿದ. ಒಂದು ಕ್ಷಣವೂ ಯೋಚಿಸಲಿಲ್ಲ. ಕೈಗೆ ಗೊತ್ತಿತ್ತು, ಕೈ ಮಾಡಿತು.

ಕೈ ಕೊಡವಿಕೊಂಡು ನೆಟ್ಟಗೆ ನಿಂತಾಗ ಅವನ ಕಣ್ಣು ಜೀಪಿನ ಉದ್ದಕ್ಕೂ ಹೋಯಿತು. ಮೂತಿ ಕೆಳಗಿತ್ತು. ಓಣಿ ಕೆಳಗೆ ಇಳಿದು ರಸ್ತೆಗೆ ಸೇರುತ್ತಿತ್ತು. ಕಲ್ಲು ಮೇಲೆ, ತನ್ನ ಕಾಲಿನ ಹತ್ತಿರ ಇತ್ತು. ಜತ್ತಪ್ಪ ಕಲ್ಲನ್ನು ನೋಡಿದ, ರಸ್ತೆಯನ್ನು ನೋಡಿದ, ಮತ್ತೆ ಕಲ್ಲನ್ನು ನೋಡಿದ.

"ಅಯ್ಯೋ ದೇವೆರೆ," ಎಂದು ಅವನು ಅಲ್ಲೇ ಕುಸಿದು ಕೂತ. "ನಾನು ಕಲ್ಲು ಇಟ್ಟಿದ್ದೆ ಮೇಡಂ. ಇಟ್ಟಿದ್ದೆ ಅಂತಲೇ ಮೂರು ದಿನದಿಂದ... ಇಟ್ಟ ಮೇಲೆ ಹೇಗೆ ಹೋಯ್ತು ಅಂತ..."

ಜೀಪಿನಲ್ಲಿ ಬ್ರೇಕು ಒತ್ತಿ ಕೂತಿದ್ದ ಪೋಕರ್ ಕರವಸ್ತ್ರ ತೆಗೆದು ಕಣ್ಣು ಒರೆಸಿಕೊಂಡರು. ಕಾಲು ಮಾತ್ರ ತೆಗೆಯಲಿಲ್ಲ.

ಮಧ್ಯಾಹ್ನ ಹನ್ನೆರಡೂಕಾಲಿಗೆ ಜತ್ತಪ್ಪನನ್ನು ದಸ್ತಗಿರಿ ಮಾಡಲಾಯಿತು. ಠಾಣೆಯ ಬೆಂಚಿನಲ್ಲಿ ಕೂತು ಅವನು ಎಲ್ಲವನ್ನೂ ಹೇಳಿದ. ಬುಧವಾರ ಮಧ್ಯಾಹ್ನ ಧಣಿ ಫ್ಯಾಕ್ಟರಿಯಲ್ಲಿರಲಿಲ್ಲ. ಹೆಂಗಸರೆಲ್ಲ ಒಳಗೆ, ಯಂತ್ರದ ಸದ್ದಿನಲ್ಲಿ ಹೊರಗಿನದು ಯಾರಿಗೂ ಕೇಳದು. ಮೊಳೆಯಲ್ಲಿ ಬೀಗದ ಕೈ ಗಾಳಿಗೆ ಅಲ್ಲಾಡುತ್ತಿತ್ತು. ಗುಡ್ಡದ ಮೇಲಿನ ಬೀಜ ಒಣಗಿಸುವ ಅಂಗಳದವರೆಗೆ ಒಂದು ಸುತ್ತು ಹೋಗಿ ಬಂದ. ಎಲ್ಲಿಯೂ ತಾಗಿಸಲಿಲ್ಲ. ಮೊದಲಿದ್ದ ಹಾಗೇ ಮೂತಿ ಕೆಳಗೆ ಮಾಡಿ ನಿಲ್ಲಿಸಿದ, ಆದರೆ ಬರೆಯ ಬದಿ ಅವನ ಒಳ್ಳೆಯ ಕಣ್ಣಿಗೆ ಸಿಗದೆ ಗಾಡಿ ನಾಲ್ಕು ಮಾರು ಈಚೆಗೇ ಉಳಿಯಿತು. ಗೇರಿನಲ್ಲಿ ಬಿಟ್ಟರೆ ಗೇರ್‌ಬಾಕ್ಸಿಗೆ ಕೇಡು ಎಂದು ನಂಬಿದ ಹಳೆಯ ಕಾಲದವನು, ನ್ಯೂಟ್ರಲ್ ಮಾಡಿ ಕಲ್ಲು ಇಟ್ಟ. ಇಲಾಖೆಯವರ ಪಾಠದ ದಿನ ಅವನು ಗೇಟಿನಲ್ಲಿದ್ದ. ಪಾಠ ಚಾಲಕರಿಗೆ ಮಾತ್ರ ಎಂದು ಅವನನ್ನು ಯಾರೂ ಕರೆದಿರಲಿಲ್ಲ.

"ಭವಿತನ ಹೆಸರು ಬಂದಾಗ ಯಾಕೆ ಸುಮ್ಮನಿದ್ರಿ?" ಪ್ರೀತಿಕಾ ಕೇಳಿದರು. ಅವರಿಗೆ ಸಿಟ್ಟು ಬಂದಿತ್ತು, ಅದನ್ನು ಅಡಗಿಸಲಿಲ್ಲ. "ಅವನ ಕೆಲಸ ಹೋಗ್ತದೆ ಅಂತ ಗೊತ್ತಿತ್ತಲ್ಲ?"

"ಗೊತ್ತಿತ್ತು." ಜತ್ತಪ್ಪ ನೆಲ ನೋಡಿದ. "ಅವ ಹುಡುಗ, ಇನ್ನೊಂದು ಕೆಲಸ ಸಿಗ್ತದೆ ಅಂದ್ಕೊಂಡೆ. ನನಗೆ ನಲ್ವತ್ತು ವರ್ಷದ ಹೆಸರು ಒಂದೇ ಇದ್ದದ್ದು."

ಸುದ್ದಿ ತಿಳಿದು ಭವಿತ್ ಓಡಿ ಬಂದಿದ್ದ. ಹಿಂದೆಯೇ ಹಿಶಾಮ್, ಅವರ ಹಿಂದೆ ಮುಫೀದಾ ಮತ್ತು ಒಂದು ಬಸ್ಸಿನಷ್ಟು ಹೆಂಗಸರು. ಠಾಣೆಯ ಅಂಗಳ ತುಂಬಿತು. ಪ್ರೀತಿಕಾ ಮೇಜಿನ ಮೇಲಿದ್ದ ಆ ಕಾಗದವನ್ನು ಎಲ್ಲರೆದುರು ಎಳೆದುಕೊಂಡು, ಸದರಿ ವ್ಯಕ್ತಿಯ ಮೇಲೆ ಯಾವುದೇ ಪ್ರಕರಣವಿಲ್ಲ, ಎಫ್‌ಐಆರ್‌ನಿಂದ ಹೆಸರು ಕೈಬಿಡಲು ನ್ಯಾಯಾಲಯಕ್ಕೆ ವರದಿ ಸಲ್ಲಿಸಲಾಗುತ್ತಿದೆ ಎಂದು ಬರೆದು, ಠಪ್ಪೆಂದು ಮೊಹರು ಒತ್ತಿದರು. ಆ ಸದ್ದಿಗೆ ಹೆಂಗಸರು ಚಪ್ಪಾಳೆ ತಟ್ಟಿದರು. ಠಾಣೆಯಲ್ಲಿ ಚಪ್ಪಾಳೆ ಕೇಳಿ ಪೋಕರ್‌ಗೆ ಅಭ್ಯಾಸವಿರಲಿಲ್ಲ. ಸುಮ್ಮನಿರಿ ಎನ್ನಲು ಹೋದವರು ತಾವೂ ತಟ್ಟಿದರು. ಮುಫೀದಾ ಆಸ್ಪತ್ರೆಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು. "ನಾನು ಹೇಳಲಿಲ್ವಾ ಅವ ಅಲ್ಲ ಅಂತ!" ಎಂದು ಸುಂದರಿಯ ದನಿ ಅಂಗಳದ ತುದಿಗೂ ಕೇಳಿತು. ಹಿಶಾಮ್ ಎಲ್ಲರೆದುರು ಭವಿತನ ಎರಡೂ ಕೈ ಹಿಡಿದು, "ತಪ್ಪಾಯ್ತು ಮಾರಾಯ," ಎಂದರು.

ಭವಿತ್ ಕಾಗದ ಹಿಡಿದುಕೊಂಡು ಅಳುತ್ತಾ ನಗುತ್ತಿದ್ದ. ಹೊರಡುವಾಗ ಬೆಂಚಿನ ಮುಂದೆ ನಿಂತ. ಕ್ಷಮಿಸಿದೆ ಎನ್ನಲಿಲ್ಲ, ಬೈಯಲೂ ಇಲ್ಲ.

"ಜತ್ತಪ್ಪಣ್ಣ, ಒಂದು ಮಾತು ಹೇಳಿದ್ರೆ ನಾನೇ ಕೂರಿಸಿ ಕರ್ಕೊಂಡು ಹೋಗ್ತಿದ್ದೆ ಅಲ್ವಾ?"

"ಕೂತು ಹೋಗುದು ಬೇರೆ ಮಗಾ," ಎಂದ ಜತ್ತಪ್ಪ. "ಗಾಡಿ ಬಿಟ್ಟುಕೊಂಡು ಹೋಗುದು ಬೇರೆ. ಎರಡು ವರ್ಷದಿಂದ ಬೇರೆಯವರ ಗಾಡಿಗೆ ಗೇಟು ತೆಗೆಯುದು ಬಿಟ್ರೆ ನನಗೆ ಎಂತ ಉಂಟು?"

ಪೋಕರ್ ಆ ಮಾತನ್ನು ಹೇಳಿಕೆಯಲ್ಲಿ ಬರೆಯಲೋ ಬೇಡವೋ ಎಂದು ಮೇಡಂ ಕಡೆ ನೋಡಿದರು. "ಬರೆಯಿರಿ," ಎಂದರು ಪ್ರೀತಿಕಾ. "ಅವರು ಹೇಳಿದ ಹಾಗೇ." ಹಿಶಾಮ್ ಜಾಮೀನು ನಿಂತರು. ಹಳದಿ ಕಲ್ಲಿಗೆ ಚೀಟಿ ಕಟ್ಟಿ ಮುದ್ದೆಮಾಲು ಕೋಣೆಯಲ್ಲಿ ಇಡಲಾಯಿತು.

ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಪ್ರೀತಿಕಾ ಪೋಕರ್ ಜೊತೆ ಪುತ್ತೂರಿನ ಕಡೆಗೆ ಈಗಲೂ ತಾವೇ ಜೀಪು ಓಡಿಸಿಕೊಂಡು ಹೋಗುತ್ತಿದ್ದಾಗ ಪಾಲೆತ್ತಡ್ಕದಲ್ಲಿ ಮುಂದಿದ್ದ ಸರಕಾರಿ ಬಸ್ಸು ನಿಂತಿತು. ಹೊಸ ಕಂಬದ ತಂಗುದಾಣದಿಂದ ಸುಂದರಿ ಊರುಗೋಲಿಲ್ಲದೆ, ಸ್ವಲ್ಪ ಕುಂಟುತ್ತ ಬಸ್ಸಿನ ಮುಂಬಾಗಿಲಿಗೆ ಬಂದಳು. ಆಸ್ಪತ್ರೆಯಲ್ಲಿ ಕೊನೆಯ ತಪಾಸಣೆ ಇತ್ತು. ಸ್ಟೇರಿಂಗಿನ ಹಿಂದೆ ಕೂತವನನ್ನು ನೋಡಿ ಅವಳು ಮೆಟ್ಟಿಲಲ್ಲೇ ನಿಂತು ಸೊಂಟಕ್ಕೆ ಕೈ ಕೊಟ್ಟಳು.

"ಕಲ್ಲು ಉಂಟಾ?"

ಭವಿತ್ ತನ್ನ ಸೀಟಿನ ಅಡಿಗೆ ಬೆರಳು ತೋರಿಸಿದ. ಅಲ್ಲಿ ಹೊಸ ಹಳದಿ ಬಣ್ಣದ ಕಲ್ಲೊಂದು ಕೂತಿತ್ತು. ಇಡೀ ಬಸ್ಸು ನಕ್ಕಿತು. "ಹಾಗಾದ್ರೆ ಹೋಗುವ," ಎಂದು ಸುಂದರಿ ರಾಣಿಯ ಹಾಗೆ ಮುಂದಿನ ಸೀಟಿನಲ್ಲಿ ಕೂತಳು.

ತಿರುವಿನಾಚೆಯಿಂದ ಲಾರಿಗಳು ಬರುತ್ತಿದ್ದವು. ಫ್ಯಾಕ್ಟರಿಯ ಗೇಟಿನಿಂದ ಜತ್ತಪ್ಪ ರಸ್ತೆಗೆ ಇಳಿದ. ಕೇಸು ಇನ್ನೂ ಮುಗಿದಿರಲಿಲ್ಲ. ಬೀಗದ ಕೈಗಳ ಮೊಳೆ ಈಗ ಹಿಶಾಮರ ಕೋಣೆಯಲ್ಲಿತ್ತು. ಅವನು ಒಂದು ಕಣ್ಣಿನ ಲೆಕ್ಕಕ್ಕೆ ತಲೆಯನ್ನು ಪೂರ್ತಿ ಬಲಕ್ಕೆ ತಿರುಗಿಸಿ ನೋಡಿದ, ಪೂರ್ತಿ ಎಡಕ್ಕೆ ತಿರುಗಿಸಿ ನೋಡಿದ. ಒಂದು ಕೈ ಎತ್ತಿ ಲಾರಿಯನ್ನು ತಡೆದು, ಇನ್ನೊಂದು ಕೈಯಲ್ಲಿ ಬಸ್ಸಿಗೆ ದಾರಿ ಬಿಟ್ಟುಕೊಟ್ಟ.

"ಬರ್ಲಿ ಬರ್ಲಿ! ರೈಟ್!"

ಬಸ್ಸು ಹೊರಟಿತು. ಆರು ತಿಂಗಳಿಂದ ಅವನೊಡನೆ ಮಾತು ಬಿಟ್ಟಿದ್ದ ಭವಿತ್, ಗೇಟು ದಾಟುವಾಗ ಉದ್ದಕ್ಕೆ ಒಂದು ಹಾರನ್ ಹೊಡೆದ. ಜತ್ತಪ್ಪ ಎತ್ತಿದ ಕೈಯನ್ನು ಬಸ್ಸು ಕಾಣದಾಗುವವರೆಗೂ ಇಳಿಸಲಿಲ್ಲ.

ಪ್ರೀತಿಕಾ ಜೀಪನ್ನು ಗೇರಿಗೆ ಹಾಕುವಾಗ ಪಕ್ಕದಲ್ಲಿ ಕಟಕ್ ಎಂಬ ಸದ್ದು ಕೇಳಿತು. ಪೋಕರ್ ಹೊಟ್ಟೆ ಒಳಗೆಳೆದುಕೊಂಡು ಬೆಲ್ಟ್ ಹಾಕಿ, ಎಂದೂ ಹಾಕುತ್ತಲೇ ಇದ್ದವರ ಹಾಗೆ ಮುಂದೆ ನೋಡುತ್ತ ಕೂತಿದ್ದರು.

"ಎಂತ ಮೇಡಂ ನಿಂತದ್ದು?" ಎಂದರು. "ರೈಟ್ ಅಂದ್ರಲ್ಲ, ಹೋಗುವ."